ಆರ್‌ಬಿಐ, ಸೆಬಿ, ಕೆಎಎಸ್, ಎಜಿ ಆಫೀಸ್: ಯಾವ ಮೇಜು ನಿಮ್ಮದು?

"ಅಣ್ಣಾ, ಆರ್‌ಬಿಐ ಗ್ರೇಡ್ ಬಿ ಓದ್ಲಾ, ಕೆಎಎಸ್ ಓದ್ಲಾ?" ರಿಸರ್ವ್ ಬ್ಯಾಂಕಿನ ಅಧಿಕಾರಿ ಪರೀಕ್ಷೆಯಾ, ರಾಜ್ಯ ಆಡಳಿತ ಸೇವೆಯ ಪರೀಕ್ಷೆಯಾ ಅನ್ನುವ ಈ ಪ್ರಶ್ನೆ ಹೆಚ್ಚಾಗಿ ಎರಡು ಕಡೆಯಿಂದ ಬರುತ್ತದೆ. ಒಂದು, ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸುತ್ತಮುತ್ತ ಪಿಜಿ ಹಿಡಿದು ರೀಡಿಂಗ್ ರೂಮಿನಲ್ಲಿ ಕೂತಿರುವವರಿಂದ. ಇನ್ನೊಂದು, ವೈಟ್‌ಫೀಲ್ಡ್ ಕಡೆ ಐಟಿ ಕೆಲಸದಲ್ಲಿದ್ದು "ಸಾಕಪ್ಪಾ ಇದು" ಅನ್ನಿಸಿರುವ ಇಪ್ಪತ್ತೇಳು, ಇಪ್ಪತ್ತೆಂಟರ ವಯಸ್ಸಿನವರಿಂದ. ಇಬ್ಬರಿಗೂ ನೀತಿ, ಆಡಳಿತ, ಹಣಕಾಸು ನಿಯಂತ್ರಣ ಅಂದರೆ ಆಸೆ ಇದೆ. ಆದರೆ ಇಬ್ಬರೂ ಹೋಲಿಸುವುದು ಸಿಲಬಸ್, ಕಟ್ ಆಫ್, ಸಂಬಳ, ಅಷ್ಟೇ. ಅದು ಪರೀಕ್ಷೆಗಳ ಹೋಲಿಕೆ. ಕೆಲಸದ ಹೋಲಿಕೆಯನ್ನು ಯಾರೂ ಮಾಡುವುದಿಲ್ಲ.

ಎಲ್ಲವನ್ನೂ "ಸರ್ಕಾರಿ ಕೆಲಸ" ಅಂತ ಒಂದೇ ಗಂಟು ಕಟ್ಟುವುದರಿಂದ ಈ ಗೊಂದಲ. ಬಿಚ್ಚಿ ನೋಡಲು ಬೆಂಗಳೂರಿನವರಿಗೆಲ್ಲ ನೆನಪಿರುವ ಒಂದು ಸಂಗತಿ ಸಾಕು. 2025ರ ಜುಲೈನಲ್ಲಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿದ್ದಿತ್ತು, ಅಲ್ವಾ? ಯುಪಿಐನಲ್ಲಿ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು.

ಆ ಒಂದು ನೋಟಿಸ್ ಹಿಂದೆ ಎಷ್ಟು ಕಚೇರಿಗಳಿವೆ ನೋಡಿ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಈ ಮಿತಿ ಬರುವುದು ಕೇಂದ್ರ ಮತ್ತು ರಾಜ್ಯಗಳು ಸೇರಿ ಕೂರುವ ಜಿಎಸ್‌ಟಿ ಮಂಡಳಿಯಿಂದ. ನೋಟಿಸ್ ಬರೆದು, ವ್ಯಾಪಾರಿಯನ್ನು ಎದುರಿಗೆ ಕೂರಿಸಿಕೊಂಡು, ಹಾಲು ತರಕಾರಿಯಂಥ ತೆರಿಗೆ ಇಲ್ಲದ ಸಾಮಾನು ಎಷ್ಟು, ತೆರಿಗೆ ಇರುವುದು ಎಷ್ಟು ಅಂತ ಬಿಡಿಸಿ ನೋಡುವುದು ತೆರಿಗೆ ಅಧಿಕಾರಿ. ಆ ಹುದ್ದೆಗೆ ನೇರ ನೇಮಕ ಆಗುವುದು ಕೆಎಎಸ್ ಪರೀಕ್ಷೆಯಿಂದ. ಯುಪಿಐ ನಡೆಸುವುದು ಎನ್‌ಪಿಸಿಐ, ಅದರ ಮೇಲೆ ಕಣ್ಣಿಡುವುದು 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಡಿ ಆರ್‌ಬಿಐ. "ಬರಬೇಕಾದ ತೆರಿಗೆ ಯಾಕೆ ಬಂದಿಲ್ಲ?" ಅಂತ ಇಲಾಖೆಯನ್ನೇ ಕೇಳುವ ಅಧಿಕಾರ ಎಜಿ ಆಫೀಸಿನ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ ಕಚೇರಿಯ, ಆಡಿಟ್ ಪಾರ್ಟಿಗೆ ಇದೆ. ಗಲಾಟೆ ಜೋರಾದಾಗ ಹಳೆ ಬಾಕಿ ಬಿಡುವ ಮಾತು ಬಂದದ್ದು ಮುಖ್ಯಮಂತ್ರಿಯವರ ಸಭೆಯಿಂದ.

ನಿಯಮ ಬರೆಯುವವರು, ಜಾರಿ ಮಾಡುವವರು, ಮೇಲ್ವಿಚಾರಣೆ ಮಾಡುವವರು, ಆಮೇಲೆ ಬಂದು ಲೆಕ್ಕ ಕೇಳುವವರು. ಇದರಲ್ಲಿ ಯಾರ ಕುರ್ಚಿ ನಿಮಗೆ ಇಷ್ಟ? ನನ್ನ ಪ್ರಕಾರ ಮೊದಲ ಅಳತೆಗೋಲು ಇದೇ: ಸೇರಿ ಹತ್ತು ವರ್ಷವಾದ ಮೇಲೆ ಒಂದು ಮಾಮೂಲಿ ಮಂಗಳವಾರ ನಿಮ್ಮ ಮೇಜಿನ ಮೇಲೆ ಏನಿರುತ್ತದೆ. ಎರಡನೆಯದು, ಪರೀಕ್ಷೆಯ ಕ್ಯಾಲೆಂಡರ್ ನಂಬಬಹುದಾ ಅನ್ನುವುದು. ಇದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಇದರಿಂದಲೇ ಒದ್ದಾಡುತ್ತಾರೆ. ಮೂರನೆಯದು ಊರು, ಅಂದರೆ ಬೆಂಗಳೂರು ಅಥವಾ ಕರ್ನಾಟಕ ಬಿಡಲು ತಯಾರಿದ್ದೀರಾ. ನಾಲ್ಕನೆಯದು ಯಾವ ಭಾಷೆಯಲ್ಲಿ ಬರೆಯಬಲ್ಲಿರಿ. ಸಂಬಳ ಐದನೆಯದು. ಯಾಕೆ ಅಷ್ಟು ಕೆಳಗೆ ಅಂತ ಮುಂದೆ ಹೇಳುತ್ತೇನೆ.

ಕೆಎಎಸ್: ಅಧಿಕಾರ ಜಾಸ್ತಿ, ಕ್ಯಾಲೆಂಡರ್ ದೇವರಿಗೇ ಗೊತ್ತು

ಕೆಎಎಸ್ ಅಂದರೆ ಒಂದು ಕೆಲಸ ಅಲ್ಲ. ಒಂದೇ ಪರೀಕ್ಷೆಯಿಂದ ಉಪವಿಭಾಗಾಧಿಕಾರಿ, ತಹಸೀಲ್ದಾರ್, ವಾಣಿಜ್ಯ ತೆರಿಗೆ ಸಹಾಯಕ ಆಯುಕ್ತ, ಖಜಾನೆ, ಸಹಕಾರ ಲೆಕ್ಕಪರಿಶೋಧನೆ, ಹೀಗೆ ಹತ್ತಾರು ದಾರಿ ಹೊರಡುತ್ತವೆ. ಎಲ್ಲರ ಕನಸೂ ಎಸಿ, ಅಂದರೆ ಉಪವಿಭಾಗಾಧಿಕಾರಿ ಹುದ್ದೆ. ಸರಿ, ಎಸಿ ಏನು ಮಾಡುತ್ತಾರೆ? ವಾರದಲ್ಲಿ ಕೆಲವು ದಿನ ಅವರು ಹೆಚ್ಚುಕಮ್ಮಿ ನ್ಯಾಯಾಧೀಶರು. ಪಹಣಿಯಲ್ಲಿ ಅಣ್ಣನ ಹೆಸರು ಬಂತು, ತಮ್ಮನ ಹೆಸರು ಬಿಟ್ಟುಹೋಯಿತು, ಎಂ.ಆರ್. (ಖಾತೆ ಬದಲಾವಣೆಯ ದಾಖಲೆ) ರದ್ದು ಮಾಡಿ ಅಂತ ಭೂಕಂದಾಯ ಕಾಯ್ದೆಯ 136ನೇ ಕಲಮಿನಡಿ ಬರುವ ಮೇಲ್ಮನವಿಗಳು. 1978ರ ಪಿಟಿಸಿಎಲ್ ಕಾಯ್ದೆಯಡಿ, ದಲಿತರಿಗೆ ಮಂಜೂರಾದ ಜಮೀನು ಪರಭಾರೆ ಆದ ಕೇಸುಗಳು. ಎರಡೂ ಕಡೆ ವಕೀಲರು, ಹಿಂದೆ ಬೆಂಚಿನಲ್ಲಿ ಬೆಳಗಿನ ಬಸ್ಸಿಗೆ ಬಂದು ಕೂತ ರೈತರು. ಮಧ್ಯೆ ಚುನಾವಣೆ, ಬರ, ಜಾತ್ರೆ, ಮಂತ್ರಿಗಳ ಪ್ರವಾಸ. ನೀತಿ ಬರೆಯುವ ಕೆಲಸ ಇದರಲ್ಲಿ ಕಡಿಮೆ. ಆದರೆ ಬರೆದ ನೀತಿ ಜನರ ಮೇಲೆ ಹೇಗೆ ಬೀಳುತ್ತದೆ ಅಂತ ಇಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆಲ್ಲೂ ಇಲ್ಲ.

ಹಣಕಾಸಿನ ಕಡೆ ಒಲವಿದ್ದರೆ ಆದ್ಯತೆ ಪಟ್ಟಿ ತುಂಬುವಾಗ ವಾಣಿಜ್ಯ ತೆರಿಗೆಯನ್ನು ಮೇಲೆ ಹಾಕಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಮನೆಯವರಿಗೆ "ತಹಸೀಲ್ದಾರ್" ಅಂದಷ್ಟು ಗತ್ತಾಗಿ ಕೇಳಿಸದಿರಬಹುದು. ಆದರೆ ಕಂಪನಿಗಳ ಲೆಕ್ಕ ಓದುವುದು, ಕಾನೂನಿನ ಅರ್ಥ ಬಿಡಿಸುವುದು, ಆದೇಶ ಬರೆಯುವುದು, ಎಲ್ಲವೂ ನಿಯಂತ್ರಕರ ಕೆಲಸಕ್ಕೆ ತೀರಾ ಹತ್ತಿರ. ಇಲಾಖೆಯ ದೊಡ್ಡ ಕಚೇರಿಗಳು ಬೆಂಗಳೂರಿನಲ್ಲೇ ಇವೆ.

ಈಗ ಕಹಿ ಮಾತು. 106 ಹುದ್ದೆಗಳಿಗೆ 2020ರಲ್ಲಿ ಅಧಿಸೂಚನೆ ಬಂದ ಮೇಲೆ, ಮುಂದಿನದು 384 ಹುದ್ದೆಗಳಿಗೆ ಬಂದದ್ದು 2024ರಲ್ಲಿ. ಆ ವರ್ಷದ ಆಗಸ್ಟ್ 27ರ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಬೇಕಾಯಿತು. ಅದರಲ್ಲೂ ಮತ್ತೆ ಅನುವಾದದ ತಪ್ಪುಗಳು. ಕನ್ನಡದ ರಾಜ್ಯದಲ್ಲಿ ಕನ್ನಡದಲ್ಲಿ ಓದಿದವರಿಗೇ ಹೀಗಾದರೆ ಯಾರನ್ನು ಕೇಳುವುದು? 2011ರ ಸಾಲಿನ 362 ಹುದ್ದೆಗಳ ಕತೆ ಇನ್ನೂ ಉದ್ದ: ಪಟ್ಟಿ 2014ರಲ್ಲಿ ರದ್ದಾಯಿತು, ಕೋರ್ಟು ಕಚೇರಿ ಸುತ್ತಿತು, ಕೊನೆಗೆ 2022ರಲ್ಲಿ ಕಾಯ್ದೆ ಮಾಡಿ ನೇಮಕ ಉಳಿಸಬೇಕಾಯಿತು. ಕೆಎಎಸ್ ಒಂದನ್ನೇ ನಂಬಿ ಕೆಲಸ ಬಿಟ್ಟು ಕೂರಬೇಡಿ ಅಂತ ನಾನು ಹೇಳುವುದು ಇದಕ್ಕೇ. ಓದಿ, ಖಂಡಿತ ಓದಿ. ಆದರೆ ಕೈಯಲ್ಲಿ ಇನ್ನೊಂದು ಇರಲಿ.

ಬೆಂಗಳೂರಿನ ಇಂಗ್ಲಿಷ್ ಮೀಡಿಯಂನವರಿಗೆ ಒಂದು ಎಚ್ಚರಿಕೆ. ಮೇನ್ಸ್‌ನಲ್ಲಿ 150 ಅಂಕದ ಕನ್ನಡ ಪತ್ರಿಕೆ ಇದೆ. ಅಂಕ ಲೆಕ್ಕಕ್ಕಿಲ್ಲ, ಆದರೆ ಪಾಸಾಗದಿದ್ದರೆ ಉಳಿದ ಪತ್ರಿಕೆಗಳಿಗೆ ಬೆಲೆಯಿಲ್ಲ. ಮಾತಾಡೋಕೆ ಬರುತ್ತೆ ಅನ್ನುವುದು ಬೇರೆ, ಗಡಿಯಾರ ನೋಡಿಕೊಂಡು ಪುಟಗಟ್ಟಲೆ ಬರೆಯುವುದು ಬೇರೆ.

ಆರ್‌ಬಿಐ ಗ್ರೇಡ್ ಬಿ: ಹೇಳಿದ ದಿನಕ್ಕೆ ಪರೀಕ್ಷೆ, ಹೇಳಿದ ಊರಿಗೆ ಗಂಟುಮೂಟೆ

ಹಣಕಾಸು ನಿಯಂತ್ರಣವೇ ಬೇಕು ಅನ್ನುವವರಿಗೆ ನನ್ನ ಮೊದಲ ಸಲಹೆ ಇದು. ಯಾವುದೇ ಪದವಿ ಸಾಕು, ಸಾಮಾನ್ಯ ವರ್ಗಕ್ಕೆ ಶೇ 60 ಅಂಕ ಬೇಕು. ವಯಸ್ಸು 21ರಿಂದ 30. ಸಾಮಾನ್ಯ ವರ್ಗದವರಿಗೆ ಆರು ಬಾರಿ ಮಾತ್ರ ಅವಕಾಶ. ಮೊದಲ ಹಂತ 200 ಅಂಕದ್ದು, ಅದರಲ್ಲಿ 80 ಸಾಮಾನ್ಯ ಜ್ಞಾನಕ್ಕೇ. ಎರಡನೇ ಹಂತದಲ್ಲಿ ಆರ್ಥಿಕ ಮತ್ತು ಸಾಮಾಜಿಕ ವಿಷಯಗಳು, ಹಣಕಾಸು ಮತ್ತು ಮ್ಯಾನೇಜ್‌ಮೆಂಟ್, ಇಂಗ್ಲಿಷ್ ಬರವಣಿಗೆ. ಕೊನೆಗೆ 75 ಅಂಕದ ಸಂದರ್ಶನ. ಅಧಿಸೂಚನೆ ಹೆಚ್ಚುಕಮ್ಮಿ ಪ್ರತಿ ವರ್ಷ ಬರುತ್ತದೆ, ಒಂದು ವರ್ಷದೊಳಗೆ ಹೌದೋ ಅಲ್ಲವೋ ಗೊತ್ತಾಗುತ್ತದೆ. ಹುದ್ದೆಗಳ ಸಂಖ್ಯೆ ಮಾತ್ರ ಏರಿಳಿಯುತ್ತದೆ: 2023ರಲ್ಲಿ 291, 2024ರಲ್ಲಿ 94, 2025ರಲ್ಲಿ 120.

ಕೆಲಸ ಹೇಗಿರುತ್ತದೆ? 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವ ಹಾಗಿಲ್ಲ ಅಂದಿತು. ನಿವೃತ್ತಿ ಹಣ ಇಟ್ಟ ಹಿರಿಯರು ಬ್ಯಾಂಕಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತದ್ದು ಬಸವನಗುಡಿ, ಜಯನಗರದ ಮನೆಗಳಲ್ಲಿ ಇವತ್ತಿಗೂ ಮಾತಿಗೆ ಬರುತ್ತದೆ. ಅಂಥ ಆದೇಶಗಳ ಹಿಂದೆ ಇರುವುದು ತಪಾಸಣೆ. ನಾಲ್ಕಾರು ಅಧಿಕಾರಿಗಳು ಒಂದು ಬ್ಯಾಂಕಿಗೆ ಹೋಗಿ ವಾರಗಟ್ಟಲೆ ಸಾಲದ ಫೈಲು ತಿರುವುತ್ತಾರೆ. ಈ ಸಾಲ ನಿಜವಾಗಿ ತೀರಿತೋ, ಅಥವಾ ಹೊಸ ಸಾಲ ಕೊಟ್ಟು ಹಳೆಯದನ್ನು ತೀರಿಸಿದ ಹಾಗೆ ತೋರಿಸಿದ್ದಾರೋ? ಒಂದೇ ಸೈಟನ್ನು ಎರಡು ಕಡೆ ಅಡ ಇಟ್ಟಿದ್ದಾರೋ? ಗೆರೆ ಗೆರೆ ಓದುವ ತಾಳ್ಮೆ ಬೇಕು. ಬ್ಯಾಂಕಿಗೆ ಬೀಗ ಬೀಳದಂತೆ ನೋಡಿಕೊಂಡ ದಿನ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಬಿದ್ದ ದಿನ ಎಲ್ಲರೂ ಬೈಯುತ್ತಾರೆ. ಈ ಸ್ವಭಾವ ನಿಮಗೆ ಒಗ್ಗುತ್ತದಾ ನೋಡಿಕೊಳ್ಳಿ.

ತೊಡಕು ಎರಡು. ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಕನ್ನಡಕ್ಕೆ ಜಾಗ ಇಲ್ಲ. ಕನ್ನಡ ಮಾಧ್ಯಮದವರು ಇಂಗ್ಲಿಷ್ ಬರವಣಿಗೆಗೆ ಮೊದಲೇ ಆರೇಳು ತಿಂಗಳು ಕೊಡಬೇಕು. ಕೊಟ್ಟರೆ ಆಗದ ಕೆಲಸವೇನಲ್ಲ. ಎರಡನೆಯದು ಪೋಸ್ಟಿಂಗ್. ನೃಪತುಂಗ ರಸ್ತೆಯಲ್ಲಿ ದೊಡ್ಡ ಪ್ರಾದೇಶಿಕ ಕಚೇರಿ ಇದೆ ನಿಜ, ಆದರೆ ಮೊದಲ ಪೋಸ್ಟಿಂಗ್ ಅಲ್ಲೇ ಸಿಗುತ್ತೆ ಅಂದುಕೊಂಡು ಯಾರೂ ಅರ್ಜಿ ಹಾಕಬಾರದು. ಮುಂಬೈ ಕೇಂದ್ರ ಕಚೇರಿಯಲ್ಲಿ ಕೆಲವು ವರ್ಷ ಕಳೆಯದೆ ನೀತಿಯ ಕೆಲಸ ಕೈಗೆ ಬರುವುದೂ ಕಷ್ಟ.

ಸೆಬಿ ಮತ್ತು ಅದರ ಅಕ್ಕಪಕ್ಕ

ವಿಚಿತ್ರ ನೋಡಿ. ದೇಶದ ದೊಡ್ಡ ಶೇರು ಬ್ರೋಕರ್ ಆಪ್‌ಗಳು ಇರುವುದು ಬೆಂಗಳೂರಿನಲ್ಲಿ, ಅವುಗಳ ಮೇಲೆ ಕಣ್ಣಿಡುವ ಸೆಬಿ ಇರುವುದು ಮುಂಬೈಯಲ್ಲಿ. ದಕ್ಷಿಣದ ಪ್ರಾದೇಶಿಕ ಕಚೇರಿ ಚೆನ್ನೈನಲ್ಲಿ. ಸೆಬಿ ಗ್ರೇಡ್ ಎ ಸೇರುವುದಾದರೆ ಮುಂಬೈ ಮನೆ ಬಾಡಿಗೆಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ನೀತಿ ಹುಟ್ಟುವುದನ್ನು ಕಣ್ಣಾರೆ ನೋಡಬೇಕು ಅನ್ನುವವರಿಗೆ ಸೆಬಿಯಷ್ಟು ಚುರುಕಾದ ಜಾಗ ಇನ್ನೊಂದಿಲ್ಲ ಅನ್ನಿಸುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಅದು ಒಂದು ಅಧ್ಯಯನ ಹೊರಗೆ ಬಿಟ್ಟಿತು: ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಶೇರು, ಸೂಚ್ಯಂಕಗಳ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳು) ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ಶೇ 93 ಮಂದಿ ಹಣ ಕಳೆದುಕೊಂಡಿದ್ದರು. ಮರು ತಿಂಗಳೇ ಸುತ್ತೋಲೆ ಬಂತು, ಇಂಡೆಕ್ಸ್ ಕಾಂಟ್ರಾಕ್ಟಿನ ಕನಿಷ್ಠ ಮೊತ್ತವನ್ನು 15 ಲಕ್ಷಕ್ಕೆ ಏರಿಸಿದರು. ಅಂಕಿಅಂಶದಿಂದ ನಿಯಮದವರೆಗಿನ ದಾರಿ ಇಷ್ಟು ಚಿಕ್ಕದಾಗಿರುವ ಕಡೆ ಕೂತು ಕೆಲಸ ಮಾಡುವುದು ಬೇರೆಯದೇ ಅನುಭವ. ಇನ್ನೊಂದು ಬದಿ ತನಿಖೆ ಮತ್ತು ಆದೇಶ. ನೀವು ಬರೆದದ್ದನ್ನು ದೊಡ್ಡ ದೊಡ್ಡ ವಕೀಲರು ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಸಾಲು ಸಾಲಾಗಿ ಹರಿದು ಹಾಕುತ್ತಾರೆ.

ಜನರಲ್ ವಿಭಾಗಕ್ಕೆ ಬರೀ ಬಿಎ, ಬಿಕಾಂ ಸಾಲದು. ಯಾವುದಾದರೂ ಸ್ನಾತಕೋತ್ತರ ಪದವಿ, ಇಲ್ಲವೇ ಕಾನೂನು, ಎಂಜಿನಿಯರಿಂಗ್, ಸಿಎ, ಸಿಎಸ್‌ನಂಥದ್ದು ಬೇಕು. ಹುದ್ದೆ ಸುಮಾರು ನೂರು: 2024ರಲ್ಲಿ 97, 2025ರಲ್ಲಿ 110. ಪ್ರತಿ ವರ್ಷ ಕರೆದೇ ಕರೆಯುತ್ತಾರೆ ಅನ್ನುವ ಹಾಗಿಲ್ಲ. ಹಾಗಾಗಿ ಆರ್‌ಬಿಐಗೆ ಓದುತ್ತಾ ಇದನ್ನೂ ಬರೆಯುವುದೇ ಜಾಣತನ, ಓದಿನಲ್ಲಿ ಹಣಕಾಸು, ಅರ್ಥಶಾಸ್ತ್ರ ಎರಡಕ್ಕೂ ಬರುತ್ತದೆ.

ಉಳಿದವು ಬೇಗ ಹೇಳಿಬಿಡುತ್ತೇನೆ. ವಿಮೆಯ ನಿಯಂತ್ರಕ ಐಆರ್‌ಡಿಎಐ ಹೈದರಾಬಾದಿನಲ್ಲಿದೆ, ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮನೆ. ಪಿಂಚಣಿಯ ಪಿಎಫ್‌ಆರ್‌ಡಿಎ ದೆಹಲಿಯಲ್ಲಿ, ಅಂತರರಾಷ್ಟ್ರೀಯ ಹಣಕಾಸು ಕೇಂದ್ರಗಳ ಐಎಫ್‌ಎಸ್‌ಸಿಎ ಗುಜರಾತಿನ ಗಿಫ್ಟ್ ಸಿಟಿಯಲ್ಲಿ. ಮೂರೂ ಚಿಕ್ಕ ಸಂಸ್ಥೆಗಳು, ಕರೆಯುವ ಹುದ್ದೆ ಕಡಿಮೆ. ನಬಾರ್ಡ್ ಗ್ರೇಡ್ ಎ ಬೇರೆ ಜಾತಿ: ಅದು ನಿಯಂತ್ರಣಕ್ಕಿಂತ ಗ್ರಾಮೀಣ ಅಭಿವೃದ್ಧಿಯ ಕೆಲಸ. ಮುಂದೆ ಜಿಲ್ಲೆಯೊಂದರ ಅಭಿವೃದ್ಧಿ ಮ್ಯಾನೇಜರ್ ಆಗಿ ಸ್ವಸಹಾಯ ಸಂಘ, ಸಹಕಾರ ಸಂಘ, ರೈತ ಕಂಪನಿ ಅಂತ ಓಡಾಡುತ್ತೀರಿ. ಹಳ್ಳಿ ಗೊತ್ತಿರುವವರಿಗೆ ಹೇಳಿ ಮಾಡಿಸಿದ್ದು.

ಎಜಿ ಆಫೀಸ್: ಯಾರೂ ಹೇಳದ ದಾರಿ

ವಿಧಾನಸೌಧದ ಹತ್ತಿರವೇ ಇರುವ ಎಜಿ ಆಫೀಸಿನ ಬಗ್ಗೆ ಕೋಚಿಂಗ್ ಸೆಂಟರ್‌ಗಳ ಫ್ಲೆಕ್ಸ್‌ಗಳಲ್ಲಿ ಒಂದಕ್ಷರ ಇರುವುದಿಲ್ಲ. ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ದೇಶದ ಸರ್ಕಾರಿ ಲೆಕ್ಕ ನೋಡುವ ಸಿಎಜಿ ಅಡಿಯಲ್ಲಿ ಆಡಿಟರ್ ಆಗಬಹುದು. ಮೂಲ ವೇತನ 29,200 ರೂಪಾಯಿಯಿಂದ ಶುರು. ಯಾವುದೇ ಪದವಿ ಸಾಕು, ಸಂದರ್ಶನ ಇಲ್ಲ, ಪರೀಕ್ಷೆ ವರ್ಷ ವರ್ಷ ನಡೆಯುತ್ತದೆ.

ನೀತಿಯಲ್ಲಿ ಆಸಕ್ತಿ ಇರುವವರಿಗೆ ಇದು ಯಾಕೆ? ಒಂದು ವರ್ಷ ನೀರಾವರಿ ಕಾಮಗಾರಿ, ಇನ್ನೊಂದು ವರ್ಷ ಜಿಎಸ್‌ಟಿ, ಮತ್ತೊಂದು ವರ್ಷ ಪಾಲಿಕೆ. ಟೆಂಡರ್ ಫೈಲಿನಲ್ಲಿ ಯಾರು ಏನು ಟಿಪ್ಪಣಿ ಬರೆದರು, ಆರ್ಥಿಕ ಇಲಾಖೆಯ ಸಹಮತಿ ಇತ್ತಾ, ಹಣ ಯಾವ ಲೆಕ್ಕ ಶೀರ್ಷಿಕೆಯಿಂದ ಹೋಯಿತು, ಎಲ್ಲವನ್ನೂ ನೀವು ಓದಬಹುದು. ಸರ್ಕಾರ ಒಳಗಿನಿಂದ ಹೇಗೆ ನಡೆಯುತ್ತದೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಆದರೆ ನೀವು ಕೇಳುವವರು ಮಾತ್ರ, ಮಾಡುವವರಲ್ಲ. ನಿಮ್ಮ ಆಕ್ಷೇಪಣೆ ವರದಿಯಾಗಿ ವಿಧಾನಮಂಡಲದ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುವ ಹೊತ್ತಿಗೆ ಆ ಕಾಮಗಾರಿ ಮುಗಿದು ವರ್ಷಗಳಾಗಿರುತ್ತವೆ. ಇದನ್ನು ಸಹಿಸದವರಿಗೆ ಎರಡೇ ವರ್ಷದಲ್ಲಿ ಬೇಜಾರು ಹಿಡಿಯುತ್ತದೆ. ಬೆಂಗಳೂರು ಸಿಗುವುದು ರ‍್ಯಾಂಕ್ ಮೇಲೆ.

ಯುಪಿಎಸ್‌ಸಿ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ಲರಿಗೂ ಗೊತ್ತು. ಮೇನ್ಸ್ ಕನ್ನಡದಲ್ಲೇ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದು, ಅರ್ಜಿ ಶುಲ್ಕ 100 ರೂಪಾಯಿ. ಕರ್ನಾಟಕ ಕೇಡರ್ ಸಿಗುವುದು ಖಾತ್ರಿ ಇಲ್ಲ. ಎಂಎ ಅರ್ಥಶಾಸ್ತ್ರ ಮಾಡಿದವರು ಮಾತ್ರ ಅದೇ ಆಯೋಗ ನಡೆಸುವ ಭಾರತೀಯ ಆರ್ಥಿಕ ಸೇವೆ ಪರೀಕ್ಷೆಯನ್ನು ಮರೆಯಬೇಡಿ. ಬರೆಯುವವರು ಕಡಿಮೆ, ಕೆಲಸ ಪೂರ್ತಿ ನೀತಿಯದ್ದೇ, ಊರು ಮಾತ್ರ ಬಹುಪಾಲು ದೆಹಲಿ.

ಪರೀಕ್ಷೆಯೇ ಬೇಡ ಅನ್ನುವವರಿಗೆ ಗುತ್ತಿಗೆಯ ಫೆಲೋಶಿಪ್, ಕನ್ಸಲ್ಟೆಂಟ್ ಕೆಲಸಗಳಿವೆ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ 2014ರಿಂದ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಕೋರ್ಸ್ ಇದೆ. ಅಲ್ಲೇ ಪಕ್ಕದಲ್ಲಿ ಸಾಮಾಜಿಕ, ಆರ್ಥಿಕ ಸಂಶೋಧನೆಯ ಐಸೆಕ್ ಸಂಸ್ಥೆ ಇದೆ, ಕೆಂಗೇರಿಯಲ್ಲಿ ಸರ್ಕಾರದ್ದೇ ವಿತ್ತೀಯ ಕಾರ್ಯನೀತಿ ಸಂಸ್ಥೆ ಇದೆ. ಇಪ್ಪತ್ತಮೂರಕ್ಕೇ ಕಾರ್ಯದರ್ಶಿಗಳ ಸಭೆಯಲ್ಲಿ ಕೂರುವ ಅವಕಾಶ ಸಿಗಬಹುದು. ಆದರೆ ಟಿಪ್ಪಣಿ ನಿಮ್ಮದು, ಸಹಿ ಇನ್ನೊಬ್ಬರದು. ಅಧಿಕಾರಿ ವರ್ಗವಾದರೆ ನಿಮ್ಮ ಯೋಜನೆಯೂ ಮೂಲೆ ಸೇರಬಹುದು. ಸಾಲ ಇಲ್ಲದ, ಮನೆಗೆ ಹಣ ಕಳಿಸಬೇಕಿಲ್ಲದವರಿಗೆ ಎರಡು ವರ್ಷ ಮಾಡಿ ನೋಡಲು ಚೆನ್ನ.

ದುಡ್ಡಿನ ಮಾತು

ಮೂಲ ವೇತನ ಪಕ್ಕಪಕ್ಕ ಇಟ್ಟು ಹೋಲಿಸುವುದು ಸುಮ್ನೆ ದಾರಿ ತಪ್ಪಿಸುತ್ತದೆ. ಕೇಂದ್ರದ ಗ್ರೂಪ್ ಎ ಸೇವೆಗೆ ಏಳನೇ ವೇತನ ಆಯೋಗದಲ್ಲಿ ಮೂಲ ವೇತನ 56,100. ಆರ್‌ಬಿಐ ಗ್ರೇಡ್ ಬಿಗೆ 2025ರ ಅಧಿಸೂಚನೆಯಂತೆ 78,450. ಕರ್ನಾಟಕದ ಗ್ರೂಪ್ ಎ ಕಿರಿಯ ಶ್ರೇಣಿಗೆ 2024ರ ಆಗಸ್ಟ್ ಪರಿಷ್ಕರಣೆಯ ನಂತರ 83,700. ಹಾಗಾದರೆ ಕೆಎಎಸ್‌ಗೇ ಹೆಚ್ಚಾ? ಇಲ್ಲ. ರಾಜ್ಯದವರು ಹಳೆ ತುಟ್ಟಿಭತ್ಯೆಯನ್ನು ಹೊಸ ಮೂಲ ವೇತನದಲ್ಲಿ ಸೇರಿಸಿದ್ದಾರೆ. ಕೇಂದ್ರದ ಅಂಕಿ 2016ರದ್ದು, ಅದರ ಮೇಲೆ ತುಟ್ಟಿಭತ್ಯೆ ಬೇರೆ ಏರಿದೆ. ಆರ್‌ಬಿಐನಲ್ಲಿ ಭತ್ಯೆಗಳೆಲ್ಲ ಸೇರಿ, ಮನೆ ಬಾಡಿಗೆ ಬಿಟ್ಟು, ಆರಂಭದಲ್ಲೇ ಸುಮಾರು ಒಂದೂವರೆ ಲಕ್ಷ. ಹೊಸಬರಿಗೆ ಕೈಗೆ ಬರುವ ಹಣದಲ್ಲಿ ಆರ್‌ಬಿಐ, ಸೆಬಿಯೇ ಮುಂದು. ಹಳೆ ಪಿಂಚಣಿಯ ಆಸೆ ಇಟ್ಟುಕೊಳ್ಳಬೇಡಿ: ಕೇಂದ್ರದಲ್ಲಿ 2004ರ ಜನವರಿಯಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್‌ನಿಂದ ಸೇರಿದವರಿಗೆ ಎನ್‌ಪಿಎಸ್.

ಸಂಬಳವನ್ನು ಐದನೆಯದಾಗಿ ಇಟ್ಟದ್ದು ಯಾಕೆಂದರೆ, ಇವೆಲ್ಲ ಮರ್ಯಾದೆಯಾಗಿ ಬದುಕಲು ಸಾಕಾಗುವ ಸಂಬಳಗಳೇ. ವ್ಯತ್ಯಾಸ ಮಾಡುವುದು ಕಾಯುವ ಖರ್ಚು. ಪಿಜಿ ಬಾಡಿಗೆ, ರೀಡಿಂಗ್ ರೂಮ್, ಟೆಸ್ಟ್ ಸೀರೀಸ್, ಮನೆಯಲ್ಲಿ "ಏನಾಯ್ತು?" ಅನ್ನುವ ಫೋನು. ಹಂಪಿನಗರದ ಗ್ರಂಥಾಲಯದಲ್ಲಿ ಓದಿದರೆ ಒಂದಿಷ್ಟು ಉಳಿಯುತ್ತದೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಗಳ ಉಚಿತ ಪರೀಕ್ಷಾಪೂರ್ವ ತರಬೇತಿಗೆ ಅರ್ಹತೆ ಇದ್ದರೆ ಬಿಡಬೇಡಿ.

ಮನೆಯ ಪರಿಸ್ಥಿತಿ ಬಿಗಿ ಇದೆ, ವರ್ಷ ಎರಡು ವರ್ಷದಲ್ಲಿ ದುಡಿಮೆ ಶುರುವಾಗಬೇಕು ಅಂದರೆ ಸಿಜಿಎಲ್ ಮೊದಲು, ಕೆಲಸ ಸಿಕ್ಕಿದ ಮೇಲೆ ಕೆಎಎಸ್. ಐಟಿಯಲ್ಲಿದ್ದು ವಯಸ್ಸು ಇಪ್ಪತ್ತೆಂಟು, ಇಂಗ್ಲಿಷ್ ಚೆನ್ನಾಗಿದೆ, ಊರು ಬಿಡಲು ತೊಂದರೆ ಇಲ್ಲ ಅಂದರೆ ಆರ್‌ಬಿಐ ಮತ್ತು ಸೆಬಿ ಜೊತೆಯಾಗಿ, ಕೆಲಸ ಬಿಡದೆ. ಸಾಮಾನ್ಯ ವರ್ಗದವರಿಗೆ 30 ದಾಟಿದರೆ ಎರಡೂ ಬಾಗಿಲು ಮುಚ್ಚುತ್ತವೆ, ಹಾಗಾಗಿ ಇದನ್ನು ಮುಂದೂಡಬೇಡಿ. ಕನ್ನಡದಲ್ಲಿ ಚೆನ್ನಾಗಿ ಬರೆಯುತ್ತೀರಿ, ಜನರ ಮಧ್ಯೆಯೇ ಇರಬೇಕು, ಆದಷ್ಟೂ ಕರ್ನಾಟಕದಲ್ಲೇ ಉಳಿಯುವ ಆಸೆ ಅನ್ನುವವರಿಗೆ ಕೆಎಎಸ್ ಮತ್ತು ಯುಪಿಎಸ್‌ಸಿ ಒಟ್ಟಿಗೆ, ಸಾಮಾನ್ಯ ಅಧ್ಯಯನ ಎರಡಕ್ಕೂ ಒಂದೇ ಓದು. ಸಾಮಾನ್ಯ ವರ್ಗದವರಿಗೆ ಕೆಎಎಸ್ ಮೂಲ ವಯೋಮಿತಿ 35 (ಸಡಿಲಿಕೆ ಇದೆಯಾ ಅಂತ ಅಧಿಸೂಚನೆ ನೋಡಿ), ಯುಪಿಎಸ್‌ಸಿಗೆ 32, ಮೀಸಲಾತಿ ಇದ್ದವರಿಗೆ ಇನ್ನೂ ಹೆಚ್ಚು.

ಮದುವೆಯಾಗಿ ಬೆಂಗಳೂರಿನಲ್ಲಿ ಮನೆ ಮಾಡಿರುವ, ವಯಸ್ಸು 30 ದಾಟಿರುವ ಕೆಲವರೂ ಕೇಳುತ್ತಾರೆ. ಅವರಿಗೆ ಉಳಿಯುವುದು ರಾಜ್ಯ ಲೋಕಸೇವಾ ಆಯೋಗವಾದ ಕೆಪಿಎಸ್‌ಸಿ ಮತ್ತು ಗುತ್ತಿಗೆಯ ನೀತಿ ಕೆಲಸ. ಕೆಪಿಎಸ್‌ಸಿ ಅಂದಾಗ ಕೆಎಎಸ್ ಒಂದನ್ನೇ ನೋಡಬೇಡಿ. ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯ ಹುದ್ದೆಗಳಿಗೆ, ವಾಣಿಜ್ಯ ತೆರಿಗೆ ನಿರೀಕ್ಷಕರ ಹುದ್ದೆಗೆ ಆಯೋಗ ಬೇರೆಯಾಗಿಯೇ ಅರ್ಜಿ ಕರೆಯುತ್ತದೆ. ಬಿಕಾಂ, ಎಂಕಾಂ ಆದವರಿಗೆ ಅವು ಕೆಎಎಸ್‌ಗಿಂತ ಹತ್ತಿರದ ದಾರಿ.